ಗಿಟ್ ತೆವಳುತ್ತಿದೆಯಾ? ಕೋಡ್ ತಿರುಗಿ ಬರೆಯುವ ಮೊದಲು ಇಷ್ಟು ನೋಡಿ

"ಅಣ್ಣಾ, ಕಮಿಟ್ ಕೊಟ್ಟು ಕೆಳಗೆ ಹೋಗಿ ಕಾಫಿ ಕುಡಿದು ಬಂದೆ. ಇನ್ನೂ ಮುಗಿದಿಲ್ಲ."

ಹೋದ ಮಳೆಗಾಲದಲ್ಲಿ ಮೂಡಿಗೆರೆಯಿಂದ ಬರುವ ನಮ್ಮ ಹುಡುಗಿ ಹೀಗೆ ಹೇಳಿದಾಗ ಹೊರಗೆ ಜಡಿಮಳೆ. ಕರೆಂಟ್ ಆಗಲೇ ಎರಡು ಸಲ ಹೋಗಿ ಬಂದಿತ್ತು. ಯುಪಿಎಸ್ ಕೂಗುತ್ತಿತ್ತು. ಅದರ ಬ್ಯಾಟರಿ ಮುಗಿಯುವುದರೊಳಗೆ ಕಮಿಟ್, ಅಂದರೆ ಬದಲಾದ ಫೈಲುಗಳನ್ನು ಗಿಟ್‌ನಲ್ಲಿ ದಾಖಲಿಸುವ ಕೆಲಸ, ಮುಗಿಯಬೇಕು. ಆ ದಿನ ಮುಗಿಯಲಿಲ್ಲ.

ಚಿಕ್ಕಮಗಳೂರಿನಲ್ಲಿ ನಮ್ಮದು ಐದು ಜನರ ಆಫೀಸು. ಸುತ್ತಲಿನ ಕಾಫಿ ತೋಟಗಳ ಮಳೆ ಲೆಕ್ಕ, ಆಳಿನ ಲೆಕ್ಕ, ಕೊಯ್ಲಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇವೆ. ತೋಟದ ರೈಟರ್ (ಲೆಕ್ಕ ಬರೆಯುವವರು) ಪುಸ್ತಕದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ನಾವು ಟೈಪ್ ಮಾಡುತ್ತೇವೆ. ಪ್ರತಿ ತೋಟದ ಪ್ರತಿ ಡಿವಿಷನ್ನಿಗೂ ತಿಂಗಳಿಗೊಂದು ಸಿಎಸ್‌ವಿ ಫೈಲು, ಅಂದರೆ ಅಲ್ಪವಿರಾಮ ಹಾಕಿ ಬರೆದ ಪಟ್ಟಿ. ಎಲ್ಲವೂ ಒಂದೇ ಗಿಟ್ ರೆಪೊಸಿಟರಿಯಲ್ಲಿ, ಅಂದರೆ ಫೈಲುಗಳ ಪ್ರತಿ ಬದಲಾವಣೆಯ ಇತಿಹಾಸ ಇಡುವ ಕಣಜದಲ್ಲಿದೆ. ಫೈಲುಗಳ ಸಂಖ್ಯೆ ಅರವತ್ತು ಸಾವಿರ ದಾಟಿದೆ. ಯಾರು ಯಾವತ್ತು ಯಾವ ಅಂಕಿ ಬದಲಾಯಿಸಿದರು ಅಂತ ತೋಟದವರು ಕೇಳಿದಾಗ ಕೂಡಲೇ ತೋರಿಸಬಹುದು. ಅದಕ್ಕೇ ಗಿಟ್.

ಗಿಟ್ ಜೊತೆ ಓಡುವ ನಮ್ಮ ಸ್ಕ್ರಿಪ್ಟ್‌ಗಳಲ್ಲಿ ಪೈಥಾನ್ ಭಾಷೆ ಬಳಸಿದ್ದೆವು. ಸ್ಲೋ ಆದಾಗ, ರಸ್ಟ್ ಅದಕ್ಕಿಂತ ವೇಗದ ಭಾಷೆ ಅಂತ, ನಮ್ಮಲ್ಲಿ ಬಂದ ಮೊದಲ ಮಾತು, "ಪೈಥಾನ್ ತೆಗೆದು ರಸ್ಟ್‌ನಲ್ಲಿ ಬರೆದುಬಿಡೋಣ." ಹಾಸನದ ಗೆಳೆಯರ ಟೀಮಿನಲ್ಲೂ ಇದೇ ಮಾತು ಕೇಳಿದ್ದೇನೆ. ತಪ್ಪು ಯೋಚನೆ ಅಲ್ಲ. ಆದರೆ ಯಾವ ತುಂಡನ್ನು ತಿರುಗಿ ಬರೆಯಬೇಕು ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಎರಡು ತಿಂಗಳು ಹೋಗುತ್ತದೆ, ಕಮಿಟ್ ಇದ್ದ ಹಾಗೇ ಇರುತ್ತದೆ. ನಾವು ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು: ಯಾವುದು ಸ್ಲೋ ಅಂತ ಕೇಳಿ

"ಗಿಟ್ ಸ್ಲೋ" ಅಂದರೆ ಏನೂ ಗೊತ್ತಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗಿ "ಮೈ ಸರಿ ಇಲ್ಲ" ಅಂದ ಹಾಗೆ. ಸ್ಟೇಟಸ್ (ಏನು ಬದಲಾಗಿದೆ ಅಂತ ನೋಡುವುದು) ಸ್ಲೋನಾ, ಕಮಿಟ್ ಸ್ಲೋನಾ, ಮರ್ಜ್ (ಇಬ್ಬರ ಕೆಲಸ ಒಂದು ಮಾಡುವುದು) ಸ್ಲೋನಾ, ಪುಶ್ (ಸರ್ವರಿಗೆ ಕಳಿಸುವುದು) ಸ್ಲೋನಾ? ನಾಲ್ಕಕ್ಕೂ ಕಾರಣ ಬೇರೆ ಬೇರೆ. ಪುಶ್ ಮಾತ್ರ ಸ್ಲೋ ಅಂದರೆ ಮೊದಲು ನೆಟ್‌ವರ್ಕ್ ನೋಡಿ. ಕಳಸದ ಕಡೆ ಮಳೆಯಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ.

ಅಳೆಯುವುದಕ್ಕೆ ಗಿಟ್ ಬ್ಯಾಶ್‌ನಲ್ಲಿ (ವಿಂಡೋಸ್‌ನಲ್ಲಿ ಗಿಟ್ ಜೊತೆ ಬರುವ ಕಮಾಂಡ್ ಕಿಟಕಿ) ಕಮಾಂಡಿನ ಮುಂದೆ "ಟೈಮ್" ಅಂತ ಸೇರಿಸಿದರೆ ಸಾಕು. ಒಂದೇ ಕಮಾಂಡನ್ನು ಮೂರು ಸಲ ಓಡಿಸಿ. ಮೊದಲ ಸಲ ಡಿಸ್ಕಿನಿಂದ ಓದಬೇಕು, ಆಮೇಲೆ ಅದೇ ಮಾಹಿತಿ ಮೆಮೊರಿಯಲ್ಲಿ ಇರುತ್ತದೆ. ಮೊದಲ ಸಲ ಮಾತ್ರ ಜಾಸ್ತಿ ಹೊತ್ತು ಹಿಡಿದರೆ ತೊಂದರೆ ಡಿಸ್ಕಿನದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಕೋಡ್ ಮುಟ್ಟಬೇಡಿ. ಮೂರು ಸಲವೂ ಒಂದೇ ರೀತಿ ಸ್ಲೋ ಇದ್ದರೆ ಮುಂದೆ ಓದಿ.

ನಮ್ಮಲ್ಲಿ ಸ್ಟೇಟಸ್ ಐದಾರು ಸೆಕೆಂಡು. ವಾರದ 412 ಫೈಲುಗಳ ಕಮಿಟ್ ಮೂರೂವರೆ ನಿಮಿಷ. ತಿಂಗಳ ಕೊನೆಯ ಮರ್ಜ್ ಏಳು ನಿಮಿಷದ ಮೇಲೆ. ಉಬುಂಟು ಲಿನಕ್ಸ್ ಹಾಕಿದ್ದ ಒಂದು ಹಳೆಯ ಮೆಷಿನ್ನಿನಲ್ಲಿ ರೀಬೇಸ್ (ನಮ್ಮ ಕಮಿಟ್‌ಗಳನ್ನು ಬೇರೆ ಕಮಿಟ್ಟಿನ ಮೇಲೆ ಕೂರಿಸುವುದು) ಕೂಡ ಸ್ಲೋ.

ವರ್ಷನ್ ನೋಡಿದಿರಾ?

ಇದಕ್ಕೆ ಹತ್ತು ಸೆಕೆಂಡು ಸಾಕು, ಆದರೂ ಯಾರೂ ನೋಡುವುದಿಲ್ಲ. "ಗಿಟ್ --ವರ್ಷನ್" ಹೊಡೆಯಿರಿ.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಶುರು ಮಾಡಿದಾಗ ಒಳಗಿನ ಗಟ್ಟಿ ಕೆಲಸವೆಲ್ಲ ಸಿ ಭಾಷೆಯಲ್ಲಿತ್ತು. ನಾವು ದಿನಾ ಬಳಸುವ ಎಷ್ಟೋ ಕಮಾಂಡ್‌ಗಳು ಮಾತ್ರ ಶೆಲ್ ಸ್ಕ್ರಿಪ್ಟ್‌ಗಳಾಗಿದ್ದವು (ಸಾಲಾಗಿ ಬರೆದ ಕಮಾಂಡ್‌ಗಳ ಪಟ್ಟಿ), ಕೆಲವು ಪರ್ಲ್‌ನಲ್ಲಿದ್ದವು. ಬರೆಯುವುದಕ್ಕೆ ಅದು ಸುಲಭ. ಆದರೆ ಶೆಲ್ ಸ್ಕ್ರಿಪ್ಟ್ ಪ್ರತಿ ಸಣ್ಣ ಕೆಲಸಕ್ಕೂ ಇನ್ನೊಂದು ಪ್ರೋಗ್ರಾಮನ್ನು ಕರೆಯುತ್ತದೆ. ಲಿನಕ್ಸ್‌ನಲ್ಲಿ ಹೊಸ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಹುಟ್ಟಿಸುವುದು ಅಗ್ಗ. ವಿಂಡೋಸ್‌ನಲ್ಲಿ ದುಬಾರಿ. ಲಿನಕ್ಸಿನ ಫೋರ್ಕ್ ಅನ್ನುವ ವ್ಯವಸ್ಥೆ ಅಲ್ಲಿ ಇಲ್ಲ. ಗಿಟ್ ಬ್ಯಾಶ್ ಅದನ್ನು ಅನುಕರಿಸಬೇಕು, ಅದಕ್ಕೆ ಮೆಮೊರಿಯನ್ನು ನಕಲು ಮಾಡಬೇಕು. ಗಿಟ್ ಫಾರ್ ವಿಂಡೋಸ್ ನೋಡಿಕೊಳ್ಳುವ ಯೋಹಾನ್ನೆಸ್ ಶಿಂಡೆಲಿನ್ ಈ ಸ್ಕ್ರಿಪ್ಟ್‌ಗಳನ್ನು ಸಿ ಭಾಷೆಗೆ ತರುವ ಕೆಲಸಕ್ಕೆ ವರ್ಷಗಟ್ಟಲೆ ದುಡಿದಿದ್ದಾರೆ.

2018ರ ಡಿಸೆಂಬರಿನಲ್ಲಿ ಬಂದ 2.20ರಲ್ಲಿ ರೀಬೇಸ್ ಸಿಗೆ ಬಂತು. 2019ರ 2.22ರಲ್ಲಿ ಸ್ಟ್ಯಾಶ್ (ಅರ್ಧ ಕೆಲಸವನ್ನು ಪಕ್ಕಕ್ಕೆ ಇಡುವ ಕಮಾಂಡ್) ಬಂತು. ತುಂಡು ತುಂಡಾಗಿ ಸ್ಟೇಜ್ ಮಾಡುವ (ಕಮಿಟ್ಟಿಗೆ ಆರಿಸಿಡುವ) ಆ್ಯಡ್ ಕಮಾಂಡಿನ ಪರ್ಲ್ ಭಾಗಕ್ಕೆ ಬದಲಾಗಿ 2022ರ 2.37ರಲ್ಲಿ ಸಿ ಭಾಗವೇ ಡೀಫಾಲ್ಟ್ ಆಯಿತು. ರೀಬೇಸ್, ಸ್ಟ್ಯಾಶ್ ಎರಡರಲ್ಲೂ ದೊಡ್ಡ ಪಾಲು 2018ರ ಗೂಗಲ್ ಸಮ್ಮರ್ ಆಫ್ ಕೋಡ್ ವಿದ್ಯಾರ್ಥಿಗಳದು. ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ಇಡೀ ಜಗತ್ತು ದಿನಾ ಒತ್ತುವ ಕಮಾಂಡನ್ನು ತಿರುಗಿ ಬರೆದವರು ನಿಮ್ಮ ವಯಸ್ಸಿನವರೇ.

ನಮ್ಮ ಉಬುಂಟು ಮೆಷಿನ್ 18.04. ಅದರ ಜೊತೆ ಬಂದ ಗಿಟ್ 2.17. ಅಂದರೆ ಅಲ್ಲಿ ರೀಬೇಸ್ ಇನ್ನೂ ಶೆಲ್ ಸ್ಕ್ರಿಪ್ಟೇ. ವೇಗದ ಭಾಷೆಯಲ್ಲಿ ತಿರುಗಿ ಬರೆಯುವ ಕೆಲಸವನ್ನು ಬೇರೆಯವರು ಎಂದೋ ಮಾಡಿ ಮುಗಿಸಿದ್ದರು, ನಾವು ಹಾಕಿಕೊಂಡಿರಲಿಲ್ಲ ಅಷ್ಟೇ. ಅಪ್‌ಗ್ರೇಡ್ ಮಾಡಿದೆವು, ಆ ದೂರು ಅಲ್ಲಿಗೇ ಮುಗಿಯಿತು.

ಇನ್ನೊಂದು ಮಾತು. 2021ರ ಕೊನೆಯಲ್ಲಿ ಬಂದ 2.34ರಿಂದ ಮರ್ಜ್ ಮಾಡುವ ಒಳಗಿನ ಎಂಜಿನ್ ಹೊಸದು, ಹೆಸರು ಆರ್ಟ್. ಬರೆದವರು ಎಲೈಜಾ ನ್ಯೂರೆನ್. ಫೈಲುಗಳ ಹೆಸರು ಜಾಸ್ತಿ ಬದಲಾಗಿರುವ ಕಡೆ ಹಳೆಯದಕ್ಕಿಂತ ನೂರಾರು ಪಟ್ಟು ಬೇಗ. ಹಳೆಯದೂ ಸಿ, ಹೊಸದೂ ಸಿ. ಭಾಷೆ ಬದಲಾಗಲಿಲ್ಲ, ಲೆಕ್ಕ ಹಾಕುವ ದಾರಿ ಬದಲಾಯಿತು. ಇದನ್ನು ನೆನಪಿಟ್ಟುಕೊಂಡು ಮುಂದಿನದು ಓದಿ.

ಸ್ಟೇಟಸ್ ಸ್ಲೋ ಇದ್ದರೆ

ಬೇಗ ಹೇಳಿ ಮುಗಿಸುತ್ತೇನೆ, ಇದಕ್ಕೆ ಮದ್ದು ಸುಲಭ. ಸ್ಟೇಟಸ್ ಅಂದರೆ ಗಿಟ್ ಒಂದೊಂದೇ ಫೈಲನ್ನು ಮುಟ್ಟಿ "ನೀನು ಬದಲಾದೆಯಾ" ಅಂತ ಕೇಳುತ್ತದೆ. ಆಮೇಲೆ ಹೊಸ ಫೈಲು ಏನಾದರೂ ಬಂದಿದೆಯಾ ಅಂತ ಎಲ್ಲ ಫೋಲ್ಡರ್‌ಗಳಲ್ಲೂ ಇಣುಕುತ್ತದೆ. "ಗಿಟ್ ಸ್ಟೇಟಸ್ -ಯುಎನ್‌ಒ" ಕೊಟ್ಟರೆ ಈ ಎರಡನೇ ಕೆಲಸ ಬಿಡುತ್ತದೆ. ಅದರಿಂದ ತುಂಬ ಬೇಗ ಆದರೆ ಕೋರ್ ಡಾಟ್ ಅನ್‌ಟ್ರ್ಯಾಕ್ಡ್‌ಕ್ಯಾಶ್ ಆನ್ ಮಾಡಿ. 2.37ರಿಂದ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಕೋರ್ ಡಾಟ್ ಎಫ್‌ಎಸ್‌ಮಾನಿಟರ್ ಕೂಡ ಗಿಟ್ ಒಳಗೇ ಇದೆ. ಆಪರೇಟಿಂಗ್ ಸಿಸ್ಟಮ್ಮೇ "ಈ ಫೈಲು ಬದಲಾಯಿತು" ಅಂತ ಹೇಳುವುದರಿಂದ ಅರವತ್ತು ಸಾವಿರ ಫೈಲನ್ನೂ ಮುಟ್ಟುವ ಗೋಜಿಲ್ಲ. ಎರಡೂ ಆನ್ ಮಾಡಿದ ಮೇಲೆ ನಮ್ಮ ಸ್ಟೇಟಸ್ ಎಂಟರ್ ಒತ್ತಿದ ತಕ್ಷಣ ಬರುತ್ತಿದೆ.

ಬ್ಯಾಶ್‌ನಲ್ಲಿ ಸುಮ್ನೆ ಎಂಟರ್ ಒತ್ತಿದರೂ ತಡವಾಗುತ್ತಿದ್ದರೆ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಸಾಲಿನ ಮೊದಲ ಭಾಗ) ನೋಡಿ. ಬ್ರ್ಯಾಂಚಿನ (ಕೆಲಸದ ಕವಲಿನ) ಹೆಸರಿನ ಪಕ್ಕ ನಕ್ಷತ್ರ ತೋರಿಸುವ ಸೆಟ್ಟಿಂಗ್ ಇದ್ದರೆ ಪ್ರತಿ ಎಂಟರಿಗೂ ಗಿಟ್ ಓಡುತ್ತದೆ. ತೆಗೆದುಬಿಡಿ.

ಕಮಿಟ್ ಸ್ಲೋ: ಇಲ್ಲಿ ಸ್ವಲ್ಪ ಕೂತು ನೋಡಬೇಕು

ಮೊದಲು ಒಂದು ಪರೀಕ್ಷೆ. ಬೇರೆ ಬ್ರ್ಯಾಂಚಿನಲ್ಲಿ "ಗಿಟ್ ಕಮಿಟ್ --ನೋ-ವೆರಿಫೈ" ಕೊಡಿ. ಇದು ಪ್ರಿ-ಕಮಿಟ್ ಹುಕ್, ಅಂದರೆ ಕಮಿಟ್ಟಿಗೆ ಮೊದಲು ತಾನಾಗಿ ಓಡುವ ನಮ್ಮ ಸ್ಕ್ರಿಪ್ಟನ್ನು ಬಿಟ್ಟು ಕಮಿಟ್ ಮಾಡುತ್ತದೆ. ನಮ್ಮಲ್ಲಿ ಮೂರೂವರೆ ನಿಮಿಷದ್ದು ಎರಡು ಸೆಕೆಂಡಿಗೆ ಇಳಿಯಿತು. ಗಿಟ್ಟಿನ ತಪ್ಪು ಏನೂ ಇಲ್ಲ, ಎಲ್ಲವೂ ನಮ್ಮ ಹುಕ್ಕಿನದೇ.

ಆ ಹುಕ್ ಯಾಕೆ ಇಟ್ಟೆವು ಅಂತ ಹೇಳಬೇಕು. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್‌ನಲ್ಲಿ ಬರೆಯುತ್ತಾರೆ. ಒಂದು ಇಂಚು ಇಪ್ಪತ್ತು ಸೆಂಟ್ ಅಂದರೆ 1.20. ಟೈಪ್ ಮಾಡುವಾಗ ಚುಕ್ಕಿ ಬಿಟ್ಟರೆ 120 ಇಂಚು. ಒಂದೇ ದಿನಕ್ಕೆ 120 ಇಂಚು! ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಂತು ಅನ್ನುವುದರ ಮೇಲೆ ತೋಟದವರು ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ನಿರ್ಧರಿಸುತ್ತಾರೆ. ತಪ್ಪು ಅಂಕಿ ಒಳಗೆ ಹೋಗಲೇಬಾರದು. ಹಾಗಾಗಿ "ಹುಕ್ ತೆಗೆದುಹಾಕೋಣ" ಅನ್ನುವ ದಾರಿ ನಮಗೆ ಇರಲಿಲ್ಲ.

ಈಗ ಒಳಗೆ ಏನಾಗುತ್ತಿದೆ ಅಂತ ನೋಡಬೇಕು. ಗಿಟ್ 2.22ರಿಂದ ಇದಕ್ಕೆ ಒಳ್ಳೆಯ ಉಪಕರಣ ಇದೆ: ಗಿಟ್_ಟ್ರೇಸ್2_ಪರ್ಫ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್. ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. ಅದಕ್ಕೆ ಒಂದು ಫೈಲಿನ ಪೂರ್ತಿ ಪಾತ್ ಕೊಟ್ಟು ಕಮಿಟ್ ಮಾಡಿದರೆ, ಗಿಟ್ ಯಾವ ಕ್ಷಣದಲ್ಲಿ ಏನು ಮಾಡಿತು ಅಂತ ಸಾಲು ಸಾಲಾಗಿ ಬರೆದಿಡುತ್ತದೆ. ಅದರಲ್ಲಿ "ಚೈಲ್ಡ್_ಸ್ಟಾರ್ಟ್" ಅಂದರೆ ಹೊಸ ಪ್ರೋಗ್ರಾಮ್ ಕರೆದ ಗಳಿಗೆ. "ಚೈಲ್ಡ್_ಎಕ್ಸಿಟ್" ಅಂದರೆ ಅದು ಮುಗಿದ ಗಳಿಗೆ, ಪಕ್ಕದಲ್ಲೇ ಎಷ್ಟು ಸೆಕೆಂಡು ಹಿಡಿಯಿತು ಅಂತ ಇರುತ್ತದೆ. ಹುಕ್ಕಿನ ಒಳಗಿಂದ ಕರೆದ ಗಿಟ್‌ಗಳೂ ಅದೇ ಫೈಲಿಗೆ ಬರೆಯುತ್ತವೆ. ಪೈಥಾನ್ ಮಾತ್ರ ಇದರಲ್ಲಿ ಕಾಣುವುದಿಲ್ಲ, ಅದನ್ನು ಸ್ಕ್ರಿಪ್ಟ್ ಓದಿ ನೀವೇ ಎಣಿಸಬೇಕು.

ನಾವು ತೆರೆದು ನೋಡಿದರೆ ಫೈಲಿನ ತುಂಬ "ಗಿಟ್ ಶೋ", "ಗಿಟ್ ಶೋ", "ಗಿಟ್ ಶೋ". ಹುಕ್ ಹೀಗಿತ್ತು: ಬದಲಾದ ಫೈಲುಗಳ ಪಟ್ಟಿ ತೆಗೆ. ಒಂದೊಂದು ಫೈಲಿಗೂ ಗಿಟ್ ಶೋ ಕರೆದು ಸ್ಟೇಜ್ ಆದ ಪ್ರತಿಯನ್ನು ತೆಗೆ. ಸಾಲಿನ ಕೊನೆಯ ಕಸವನ್ನು ಇನ್ನೊಂದು ಪ್ರೋಗ್ರಾಮಿನಿಂದ ತೆಗೆ. ಆಮೇಲೆ ಪೈಥಾನಿಗೆ ಕೊಡು. ಪೈಥಾನ್ ಅಂಕಿ ನೋಡಿ ಸಾಯುತ್ತದೆ. ಮುಂದಿನ ಫೈಲಿಗೆ ಮತ್ತೆ ಹುಟ್ಟುತ್ತದೆ.

412 ಫೈಲು. ಫೈಲಿಗೆ ಮೂರು ಪ್ರೋಗ್ರಾಮ್. ಹತ್ತಿರ ಹತ್ತಿರ ಸಾವಿರದ ಇನ್ನೂರೈವತ್ತು ಸಲ ಹುಟ್ಟು, ಸಾವು. ಪ್ರತಿ ಹುಟ್ಟಿಗೂ ಆ್ಯಂಟಿವೈರಸ್ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತದೆ. ಒಂದು ಫೈಲಿಗೆ ಅರ್ಧ ಸೆಕೆಂಡು ಅಂದರೂ ಮೂರೂವರೆ ನಿಮಿಷ ಆಗೇ ಆಗುತ್ತದೆ. ಮೂವತ್ತು ಸಾಲಿನ ಸಿಎಸ್‌ವಿ ಓದಿ ಅಂಕಿ ನೋಡುವ ನಿಜವಾದ ಕೆಲಸ ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಂದು ಹಿಡಿ ಕಾಫಿ ಹಣ್ಣು ತರುವುದಕ್ಕೆ ಒಂದು ಲಾರಿ, ಮುಂದಿನ ಹಿಡಿಗೆ ಇನ್ನೊಂದು ಲಾರಿ. ಇದೂ ಹಾಗೇ.

ಆ್ಯಂಟಿವೈರಸ್ಸನ್ನು ಪೂರ್ತಿ ಆಫ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತೋಟದವರ ಲೆಕ್ಕ ನಮ್ಮ ಕೈಯಲ್ಲಿದೆ. ತೀರಾ ಬೇಕಾದರೆ ರೆಪೊಸಿಟರಿಯ ಫೋಲ್ಡರ್ ಒಂದನ್ನು ಮಾತ್ರ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ.

ಇಲ್ಲಿ ರಸ್ಟ್ ಬೇಕಿತ್ತಾ? ಬೇಕಿರಲಿಲ್ಲ. ಪೈಥಾನನ್ನು ಹಾಗೇ ಇಟ್ಟುಕೊಂಡೆವು, ಒಂದೇ ಸಲ ಹುಟ್ಟುವ ಹಾಗೆ ಮಾಡಿದೆವು. ಫೈಲುಗಳ ಪಟ್ಟಿ ಒಂದೇ ಸಲ ಬರುತ್ತದೆ. "ಗಿಟ್ ಕ್ಯಾಟ್-ಫೈಲ್ --ಬ್ಯಾಚ್" ಅನ್ನುವ ಒಂದೇ ಗಿಟ್ ಪ್ರೋಸೆಸ್ಸಿಗೆ ಹೆಸರುಗಳನ್ನು ಒಂದರ ಹಿಂದೆ ಒಂದು ಕೊಡುತ್ತೇವೆ, ಅದು ಒಂದೊಂದೇ ಫೈಲಿನ ಒಡಲನ್ನು ಕೊಡುತ್ತಾ ಹೋಗುತ್ತದೆ. ಮೂರು ಪ್ರೋಸೆಸ್, ಮೂರು ಸೆಕೆಂಡು. ಬದಲಾದ ಕೋಡು ನಲವತ್ತು ಸಾಲು.

ಇದಕ್ಕೆ ಗಿಟ್ ಲೋಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಹಳೆಯ ಇತಿಹಾಸವನ್ನು ತಿದ್ದುವುದಕ್ಕೆ ಫಿಲ್ಟರ್-ಬ್ರ್ಯಾಂಚ್ ಅನ್ನುವ ಕಮಾಂಡ್ ಇದೆ, ಅದು ಶೆಲ್ ಸ್ಕ್ರಿಪ್ಟ್. ಪ್ರತಿ ಕಮಿಟ್ಟಿಗೂ ಪ್ರೋಸೆಸ್ ಹುಟ್ಟಿಸುತ್ತಾ ಗಂಟೆಗಟ್ಟಲೆ ಓಡುತ್ತದೆ. ಅದರ ಬದಲು ಬಳಸಿ ಅಂತ ಗಿಟ್ಟಿನ ದಾಖಲೆಯೇ ಈಗ ಹೇಳುವುದು ಫಿಲ್ಟರ್-ರೆಪೊ. ಇದನ್ನು ಬರೆದವರೂ ಎಲೈಜಾ ನ್ಯೂರೆನ್ ಅವರೇ. ಭಾಷೆ ಯಾವುದು ಗೊತ್ತಾ? ಪೈಥಾನ್. ಇಡೀ ಇತಿಹಾಸವನ್ನು ಒಂದೇ ಹೊಳೆಯ ಹಾಗೆ ಈ ಕಡೆಯಿಂದ ತೆಗೆದು ಆ ಕಡೆಗೆ ಹರಿಸುತ್ತದೆ. ಅದಕ್ಕೇ ಅಷ್ಟು ವೇಗ.

ಮರ್ಜ್ ಸ್ಲೋ: ರಸ್ಟ್ ಬೇಕಾದದ್ದು ಇಲ್ಲಿ

ನಮ್ಮಲ್ಲಿ ಮಳೆ ಲೆಕ್ಕ ಒಬ್ಬರು ಟೈಪ್ ಮಾಡುತ್ತಾರೆ, ಆಳಿನ ಲೆಕ್ಕ ಇನ್ನೊಬ್ಬರು. ಇಬ್ಬರೂ ಅದೇ ಫೈಲಿನ ಅದೇ ಸಾಲುಗಳನ್ನು ಮುಟ್ಟುತ್ತಾರೆ. ಗಿಟ್ ತಾನಾಗಿ ಮರ್ಜ್ ಮಾಡಿದರೆ ಎಲ್ಲ ಕಡೆ ಕಾನ್‌ಫ್ಲಿಕ್ಟ್, ಯಾರದನ್ನು ಇಟ್ಟುಕೊಳ್ಳಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ನಾವೇ ಒಂದು ಮರ್ಜ್ ಡ್ರೈವರ್ ಬರೆದಿದ್ದೆವು. ಎರಡೂ ಕಡೆ ಬದಲಾದ ಫೈಲು ಸಿಕ್ಕಾಗ ಗಿಟ್ ನಮ್ಮ ಪ್ರೋಗ್ರಾಮನ್ನು ಕರೆದು ಮೂರು ಪ್ರತಿ ಕೊಡುತ್ತದೆ: ಮೂಲದ್ದು, ನಮ್ಮದು, ಅವರದು. ಕಾಲಮ್ ಕಾಲಮ್ ನೋಡಿ ನಾವು ಒಂದು ಮಾಡಿ ಕೊಡುತ್ತೇವೆ. ಸೊನ್ನೆ ಕೋಡಿನಿಂದ ಮುಗಿದರೆ ಸರಿ ಅಂತ, ಬೇರೆ ಕೋಡ್ ಬಂದರೆ ಕಾನ್‌ಫ್ಲಿಕ್ಟ್ ಅಂತ ಗಿಟ್ ತಿಳಿದುಕೊಳ್ಳುತ್ತದೆ.

ಕಷ್ಟ ಏನೆಂದರೆ ಗಿಟ್ ಇದನ್ನು ಫೈಲಿಗೊಮ್ಮೆ ಕರೆಯುತ್ತದೆ. 260 ಫೈಲಿದ್ದರೆ 260 ಸಲ. ಇದು ಹುಕ್ಕಿನ ಹಾಗಲ್ಲ. ಎಷ್ಟು ಸಲ ಹುಟ್ಟಬೇಕು ಅನ್ನುವುದು ನಮ್ಮ ಕೈಯಲ್ಲಿ ಇಲ್ಲ. ಹಾಗಾಗಿ ಹುಟ್ಟುವುದಕ್ಕೆ ಎಷ್ಟು ಹೊತ್ತು ಅನ್ನುವುದೇ ಎಲ್ಲಕ್ಕಿಂತ ಮುಖ್ಯ.

ಅಳೆಯುವುದು ಹೀಗೆ. ಏನೂ ಮಾಡದ ಪೈಥಾನನ್ನು, ಅಂದರೆ "ಪೈಥಾನ್ -ಸಿ ಪಾಸ್" ಅನ್ನು ಟೈಮ್ ಹಾಕಿ ಓಡಿಸಿ. ಅಷ್ಟು ಹೊತ್ತು ನೀವು ಏನು ಬರೆದರೂ ಹೋಗೇ ಹೋಗುತ್ತದೆ. ಆಮೇಲೆ ನಿಮ್ಮ ಸ್ಕ್ರಿಪ್ಟನ್ನು "ಪೈಥಾನ್ -ಎಕ್ಸ್ ಇಂಪೋರ್ಟ್‌ಟೈಮ್" ಕೊಟ್ಟು ಓಡಿಸಿ. ಯಾವ ಮಾಡ್ಯೂಲ್ ಎಳೆದು ತರುವುದಕ್ಕೆ ಎಷ್ಟು ಹೊತ್ತು ಅಂತ ತೋರಿಸುತ್ತದೆ. ನಮ್ಮ ಡ್ರೈವರಿನ ಮೊದಲ ಸಾಲಿನಲ್ಲೇ ಪಾಂಡಾಸ್ ಇತ್ತು, ದೊಡ್ಡ ದೊಡ್ಡ ಪಟ್ಟಿಗಳಿಗೆ ಬಳಸುವ ಪೈಥಾನ್ ಲೈಬ್ರರಿ. ಮೂವತ್ತು ಸಾಲಿನ ಫೈಲಿಗೆ ಪಾಂಡಾಸ್! ಬರುವುದಕ್ಕೇ ಒಂದೂವರೆ ಸೆಕೆಂಡು. ಅದನ್ನು ತೆಗೆದು ಪೈಥಾನಿನದೇ ಸಿಎಸ್‌ವಿ ಮಾಡ್ಯೂಲ್ ಹಾಕಿದೆವು. ಏಳು ನಿಮಿಷದ ಮರ್ಜ್ ಒಂದು ನಿಮಿಷಕ್ಕೆ ಬಂತು. ಭಾಷೆ ಇನ್ನೂ ಅದೇ.

ಉಳಿದ ಒಂದು ನಿಮಿಷದಲ್ಲಿ ಬಹುಪಾಲು ಪೈಥಾನ್ ಹುಟ್ಟುವ ಹೊತ್ತೇ. ಈಗ ಮಾತ್ರ ರಸ್ಟ್ ಕೈಗೆತ್ತಿಕೊಂಡೆವು. ಡ್ರೈವರ್ ಒಂದನ್ನೇ ತಿರುಗಿ ಬರೆದೆವು, ಬೇರೆ ಏನನ್ನೂ ಮುಟ್ಟಲಿಲ್ಲ. ಮರ್ಜ್ ಹತ್ತು ಸೆಕೆಂಡಿನ ಒಳಗೆ ಮುಗಿಯುತ್ತಿದೆ.

ಗಿಟ್ಟಿನ ಹಾಗೇ ಕೆಲಸ ಮಾಡುವ ಮರ್ಕ್ಯುರಿಯಲ್ ಬಳಸುವವರಿಗೆ ಈ ಕಥೆ ಹೊಸದಲ್ಲ. ಅದೂ 2005ರಲ್ಲೇ ಶುರುವಾದದ್ದು, ಬಹುಪಾಲು ಪೈಥಾನ್. ಭಾರವಾದ ಭಾಗಗಳು ಮೊದಲಿನಿಂದಲೂ ಸಿಯಲ್ಲಿವೆ. ಆದರೂ ಪ್ರತಿ ಕಮಾಂಡಿಗೂ ಪೈಥಾನ್ ಏಳಬೇಕು, ಮಾಡ್ಯೂಲ್‌ಗಳು ಬರಬೇಕು. ಅದಕ್ಕೆ ಅವರು ಎರಡು ದಾರಿ ಹಿಡಿದರು. ಒಂದು, ಸಿಎಚ್‌ಜಿ: ಸಿಯಲ್ಲಿ ಬರೆದ ಪುಟ್ಟ ಪ್ರೋಗ್ರಾಮ್. ಪೈಥಾನನ್ನು ಹಿನ್ನೆಲೆಯಲ್ಲಿ ಎಚ್ಚರ ಇಟ್ಟು ಅದಕ್ಕೇ ಕೆಲಸ ಕೊಡುತ್ತದೆ. ಇನ್ನೊಂದು, ಆರ್‌ಎಚ್‌ಜಿ: ರಸ್ಟ್‌ನಲ್ಲಿ ಬರೆದದ್ದು. ತನಗೆ ಬರುವ ಕಮಾಂಡನ್ನು ತಾನೇ ಮಾಡುತ್ತದೆ, ಬಾರದ್ದನ್ನು ಹಳೆಯ ಪೈಥಾನಿಗೆ ಬಿಡುತ್ತದೆ. ಗಿಟ್ ಕೂಡ 2016ರ 2.11ರಲ್ಲಿ ಕ್ಲೀನ್, ಸ್ಮಜ್ ಫಿಲ್ಟರ್‌ಗಳಿಗೆ (ಫೈಲು ಗಿಟ್ ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ಬದಲಿಸುವ ಪ್ರೋಗ್ರಾಮ್‌ಗಳು) ಇಂಥದ್ದೇ ವ್ಯವಸ್ಥೆ ತಂದಿತು. ಫೈಲಿಗೊಮ್ಮೆ ಹುಟ್ಟುವ ಬದಲು ಒಂದೇ ಫಿಲ್ಟರ್ ಕೊನೆವರೆಗೂ ಓಡುತ್ತಿರುತ್ತದೆ. ನಿಮ್ಮದು ಅಂಥ ಫಿಲ್ಟರ್ ಆಗಿದ್ದರೆ ರಸ್ಟ್‌ಗಿಂತ ಮೊದಲು ಫಿಲ್ಟರ್ ಸೆಟ್ಟಿಂಗಿನ "ಪ್ರೋಸೆಸ್" ಆಯ್ಕೆ ಹಾಕಿ ನೋಡಿ.

ತಿರುಗಿ ಬರೆದ ಮೇಲೆ ಬರುವ ಹೊಸ ದೋಷ

ರಸ್ಟ್ ಡ್ರೈವರ್ ಹಾಕಿದ ಮಾರನೇ ದಿನವೇ ಕಳಸ ಕಡೆಯ ಒಂದು ತೋಟದ ಫೈಲುಗಳೆಲ್ಲ ಕಾನ್‌ಫ್ಲಿಕ್ಟ್. ಫೈಲು ತೆರೆದರೆ ಎಲ್ಲ ಸರಿಯಾಗಿಯೇ ಇದೆ. ಎರಡು ಕಡೆಯೂ ಒಂದೇ ಮಳೆ. ಕಣ್ಣು ಹತ್ತಿರ ಇಟ್ಟು ನೋಡಿದ ಮೇಲೆ ಗೊತ್ತಾಯಿತು. ಒಂದು ಕಡೆ 1.20, ಇನ್ನೊಂದು ಕಡೆ ೧.೨೦. ಅಲ್ಲಿನ ರೈಟರ್ ಹಿರಿಯರು, ಅವರೇ ಟೈಪ್ ಮಾಡಿ ಕಳಿಸುತ್ತಾರೆ, ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ.

ಪೈಥಾನಿನ ಫ್ಲೋಟ್ ಫಂಕ್ಷನ್ ೧.೨೦ ಕೊಟ್ಟರೂ 1.2 ಅಂತಲೇ ಓದುತ್ತದೆ. ಕನ್ನಡ ಅಂಕಿ ಅದಕ್ಕೆ ಗೊತ್ತು. ರಸ್ಟ್‌ನ ಪಾರ್ಸ್‌ಗೆ ಸೊನ್ನೆಯಿಂದ ಒಂಬತ್ತರವರೆಗಿನ ಆಸ್ಕಿ (ಇಂಗ್ಲಿಷ್) ಅಂಕಿ ಮಾತ್ರ ಗೊತ್ತು. ನಾವು ಯಾರೂ ಹಳೆಯ ಕೋಡಿನಲ್ಲಿ "ಕನ್ನಡ ಅಂಕಿ ಓದು" ಅಂತ ಬರೆದಿರಲಿಲ್ಲ. ಭಾಷೆ ತಾನಾಗಿ ಮಾಡುತ್ತಿದ್ದ ಉಪಕಾರ ಅದು. ತಿರುಗಿ ಬರೆಯುವಾಗ ಕಳೆದುಹೋಗುವುದು ಇಂಥವೇ. ಕೋಡಿನಲ್ಲಿ ಬರೆದಿರುವುದನ್ನು ಸಾಗಿಸಬಹುದು, ಬರೆಯದೇ ನಡೆಯುತ್ತಿದ್ದದ್ದು ಹಿಂದೆ ಉಳಿಯುತ್ತದೆ.

ರಸ್ಟ್‌ನಲ್ಲಿ ಓದುವ ಮೊದಲು ಕನ್ನಡ ಅಂಕಿಯನ್ನು ಬದಲಿಸುವ ಹತ್ತು ಸಾಲು ಸೇರಿಸಿದೆವು. ಹಿರಿಯರಿಗೆ "ನೀವು ಇಂಗ್ಲಿಷ್ ಅಂಕಿ ಹಾಕಿ" ಅಂತ ಹೇಳುವ ಯೋಚನೆಯೂ ನಮಗೆ ಬರಲಿಲ್ಲ.

ಇದಕ್ಕೆ ಮುನ್ನೆಚ್ಚರಿಕೆ ಒಂದೇ. ಹಳೆಯದನ್ನು ಅಳಿಸಬೇಡಿ. ಗಿಟ್‌ನವರು 2.20ರಲ್ಲಿ ಸಿ ರೀಬೇಸ್ ಕೊಟ್ಟಾಗ ರೀಬೇಸ್ ಡಾಟ್ ಯೂಸ್‌ಬಿಲ್ಟಿನ್ ಅನ್ನುವ ಸೆಟ್ಟಿಂಗ್ ಇಟ್ಟಿದ್ದರು. ಅದನ್ನು ಫಾಲ್ಸ್ ಮಾಡಿದರೆ ಹಳೆಯ ಶೆಲ್ ಸ್ಕ್ರಿಪ್ಟೇ ಓಡುತ್ತಿತ್ತು. ಹೊಸದರ ಮೇಲೆ ನಂಬಿಕೆ ಬಂದ ಮೇಲೆ ತೆಗೆದರು. ನಾವೂ ಹಾಗೇ ಮಾಡಿದೆವು. ಹಿಂದಿನ ಒಂದು ವರ್ಷದ ಎಲ್ಲ ಮರ್ಜ್ ಕಮಿಟ್‌ಗಳನ್ನು ತೆಗೆದುಕೊಂಡು, ಅದೇ ಮೂರು ಪ್ರತಿಗಳನ್ನು ಹಳೆಯ ಡ್ರೈವರಿಗೂ ಹೊಸ ಡ್ರೈವರಿಗೂ ಕೊಟ್ಟು, ಬಂದ ಫೈಲನ್ನು ಬೈಟ್ ಬೈಟ್ ಹೋಲಿಸಿದೆವು. ಸಾಲಿನ ಕೊನೆಯಲ್ಲಿ ವಿಂಡೋಸ್, ಲಿನಕ್ಸ್ ವ್ಯತ್ಯಾಸ ಒಂದು ಸಿಕ್ಕಿತು. 1.2 ಮತ್ತು 1.20 ಬರೆಯುವ ವ್ಯತ್ಯಾಸ ಇನ್ನೊಂದು. ಮೊದಲೇ ಈ ಹೋಲಿಕೆ ಮಾಡಿದ್ದರೆ ಕಳಸದ ತೊಂದರೆಯೂ ಆಫೀಸಿನೊಳಗೇ ಸಿಗುತ್ತಿತ್ತು. ನೀವು ಹಾಕುವ ಮೊದಲೇ ಮಾಡಿ.

ಕರೆಂಟ್ ಹೋದ ದಿನದ ಬಗ್ಗೆಯೂ ಹೇಳಿಬಿಡುತ್ತೇನೆ, ಮಲೆನಾಡಿನಲ್ಲಿ ಇದು ಎಲ್ಲರಿಗೂ ಬರುತ್ತದೆ. ಗಿಟ್ ಕೆಲಸದ ಮಧ್ಯೆ ಮೆಷಿನ್ ಆಫ್ ಆದರೆ ಡಾಟ್-ಗಿಟ್ ಫೋಲ್ಡರಿನಲ್ಲಿ ಇಂಡೆಕ್ಸ್ ಡಾಟ್ ಲಾಕ್ ಅನ್ನುವ ಫೈಲು ಉಳಿದುಬಿಡಬಹುದು. ಆಮೇಲೆ ಯಾವ ಆ್ಯಡ್, ಕಮಿಟ್ ಕೊಟ್ಟರೂ "ಇನ್ನೊಂದು ಗಿಟ್ ಓಡುತ್ತಿರಬಹುದು" ಅಂತ ಎರರ್. ಟಾಸ್ಕ್ ಮ್ಯಾನೇಜರ್ ತೆರೆದು ನಿಜವಾಗಿಯೂ ಯಾವ ಗಿಟ್ಟೂ ಓಡುತ್ತಿಲ್ಲ ಅಂತ ನೋಡಿ. ಖಚಿತವಾದ ಮೇಲೆ ಆ ಲಾಕ್ ಫೈಲು ಒಂದನ್ನು ಮಾತ್ರ ಅಳಿಸಿ. ಆಮೇಲೆ "ಗಿಟ್ ಎಫ್‌ಎಸ್‌ಸಿಕೆ" ಓಡಿಸಿ ಒಳಗಿನದು ಸರಿ ಇದೆಯಾ ಅಂತ ನೋಡಿ.

ಹುಕ್ ಬಿಟ್ಟುಹೋಗುತ್ತಿದ್ದ ಫೈಲುಗಳು

ಕೊನೆಗೆ ಒಂದು ದೋಷ, ಇದು ವೇಗಕ್ಕೆ ಸಂಬಂಧಿಸಿದ್ದಲ್ಲ. ಆದರೆ ವೇಗ ಹುಡುಕಲು ಹೋಗಿ ಸಿಕ್ಕಿದ್ದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ದೊಡ್ಡದು.

ಕೆಲವು ತೋಟಗಳ ಫೈಲಿಗೆ ನಾವು ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. ಫೈಲುಗಳ ಪಟ್ಟಿ ಕೇಳಿದಾಗ ಗಿಟ್ ಡೀಫಾಲ್ಟಾಗಿ ಕನ್ನಡ ಅಕ್ಷರವನ್ನು ಹಾಗೇ ಕೊಡುವುದಿಲ್ಲ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಒಂದೊಂದು ಬೈಟನ್ನೂ ಆಕ್ಟಲ್ (ಎಂಟರ ಲೆಕ್ಕದ) ಅಂಕಿ ಮಾಡಿ ಕೊಡುತ್ತದೆ. "ಮ" ಅನ್ನುವ ಒಂದು ಅಕ್ಷರ \340\262\256 ಆಗುತ್ತದೆ. ನಮ್ಮ ಹಳೆಯ ಹುಕ್ ಆ ಅಂಕಿಗಳನ್ನೇ ಫೈಲಿನ ಹೆಸರು ಅಂದುಕೊಂಡು ಗಿಟ್ ಶೋ ಕರೆಯುತ್ತಿತ್ತು. ಅಂಥ ಫೈಲು ಇಲ್ಲ. ಎರರ್ ಬರುತ್ತಿತ್ತು, ಆದರೆ ಸ್ಕ್ರಿಪ್ಟಿನಲ್ಲಿ ಎರರ್ ಸಂದೇಶಗಳನ್ನು ಕಾಣದ ಹಾಗೆ ಮಾಡಿದ್ದೆವು. ಪೈಥಾನಿಗೆ ಖಾಲಿ ಫೈಲು ಸಿಗುತ್ತಿತ್ತು. ಖಾಲಿ ಫೈಲಿನಲ್ಲಿ ತಪ್ಪಿಲ್ಲ, ಪಾಸ್.

ಕನ್ನಡ ಹೆಸರಿನ ಒಂದು ಫೈಲೂ ಇಷ್ಟು ದಿನ ಪರೀಕ್ಷೆ ಆಗಿಯೇ ಇರಲಿಲ್ಲ.

ಹೊಸ ಹುಕ್ಕಿನಲ್ಲಿ "ಗಿಟ್ ಡಿಫ್ --ಕ್ಯಾಶ್ಡ್ --ನೇಮ್-ಓನ್ಲಿ -ಝಡ್" ಬಳಸಿದ್ದೆವು. ಕೊನೆಯ ಆ -ಝಡ್ ಇದ್ದರೆ ಹೆಸರು ಬದಲಾಗದೆ ಹಾಗೇ ಬರುತ್ತದೆ, ಹೆಸರಿನಲ್ಲಿ ಜಾಗ ಇದ್ದರೂ ಕಷ್ಟವಿಲ್ಲ. ಅದನ್ನು ಹಾಕಿ, ಹಳೆಯ ಎಲ್ಲ ಫೈಲುಗಳ ಮೇಲೂ ಒಮ್ಮೆ ಓಡಿಸಿದೆವು. ನಿಮ್ಮ ಹುಕ್ಕಿನಲ್ಲಿ -ಝಡ್ ಇಲ್ಲದಿದ್ದರೆ, ಕನ್ನಡ ಹೆಸರಿನ ಫೈಲು ಒಂದೇ ಒಂದಿದ್ದರೂ, ಇವತ್ತೇ ನೋಡಿ. ಎರರ್ ಮುಚ್ಚಿಡುವ ಸಾಲುಗಳನ್ನೂ ತೆಗೆದುಹಾಕಿ.

ಹನ್ನೊಂದು ಕಡೆ ಚುಕ್ಕಿ ಬಿಟ್ಟುಹೋಗಿತ್ತು. ಮಾಗುಂಡಿ ಕಡೆಯ ಒಂದು ತೋಟದ ಮಾರ್ಚ್ ಫೈಲಿನಲ್ಲಿ ಹೂಮಳೆ 120 ಇಂಚು. ಫೋನ್ ಮಾಡಿದೆ. "ಒಂದ್ ನಿಮಿಷ ಇರಿ ಸಾರ್" ಅಂದು ರೈಟರ್ ಮಳೆ ಪುಸ್ತಕ ತೆಗೆದರು. ಹಾಳೆ ತಿರುಗಿಸುವ ಸದ್ದು ಕೇಳುತ್ತಿತ್ತು. "ಒಂದು ಇಂಚು ಇಪ್ಪತ್ತು ಸೆಂಟ್ ಸಾರ್. ಸಂಜೆ ಐದಕ್ಕೆ ಶುರುವಾಗಿದ್ದು." ಸರಿ ಮಾಡಿ ಕಮಿಟ್ ಕೊಟ್ಟೆ. ಅವರು ಫೋನ್ ಇಡುವಷ್ಟರಲ್ಲಿ ಅದು ಮುಗಿದಿತ್ತು.